ನಡುಗದ ಕೈಗಳು

ರಾಫೆಲ್ ಮಾಸ್ಟರರ ಅಂಗಡಿಯಲ್ಲಿ ಮನೆಗೆ ಬೇಕಾದ ಒಂದು ಸಾಮಾನೂ ಸಿಗುತ್ತಿರಲಿಲ್ಲ. ಅತ್ತಾವರದ ಆಸ್ಪತ್ರೆ ರಸ್ತೆಯಲ್ಲಿ, ಕೆಳಗೆ ಮೆಡಿಕಲ್ ಶಾಪು, ಅದರ ಮಗ್ಗುಲಲ್ಲಿ ಜೆರಾಕ್ಸ್ ಅಂಗಡಿ ಇರುವ ಹಳೆಯ ಕಟ್ಟಡದ ಮಾಳಿಗೆಯಲ್ಲಿ ಅದು ಇತ್ತು. ಮಾತ್ರೆ ಕೊಳ್ಳಲು ಬಂದವರು ದಾರಿ ತಪ್ಪಿ ಮೇಲೆ ಹತ್ತಿದರೆ ಗಾಜಿನ ಕಪಾಟಿನೊಳಗಿನ ರೇಷ್ಮೆ ಕರವಸ್ತ್ರ, ರಬ್ಬರಿನ ಪಾರಿವಾಳ, ಎರಡು ತಳದ ಪೆಟ್ಟಿಗೆಗಳನ್ನು ಕಂಡು ಪೆಚ್ಚಾಗಿ ಇಳಿದುಹೋಗುತ್ತಿದ್ದರು. ಬೇಕೆಂದೇ ಮೆಟ್ಟಿಲು ಹತ್ತಿ ಬರುತ್ತಿದ್ದವರು ಜಾದೂಗಾರರು. ಉಡುಪಿ, ಕಾಸರಗೋಡು, ಶಿವಮೊಗ್ಗ, ಒಮ್ಮೊಮ್ಮೆ ಹುಬ್ಬಳ್ಳಿಯಿಂದಲೂ ಬರುತ್ತಿದ್ದರು.

ಮಾಸ್ಟರರ ತಂದೆ ಇಗರ್ಜಿಯ ಬೆಂಚು, ಪೀಠಗಳನ್ನು ಮಾಡುತ್ತಿದ್ದ ಬಡಗಿ. ಊರಿಗೆ ಬಂದಿದ್ದ ಒಬ್ಬ ಜಾದೂಗಾರನ ಪೆಟ್ಟಿಗೆ ಮುರಿದು ಅವರ ಬಡಗಿ ಕೊಟ್ಟಿಗೆಗೆ ರಿಪೇರಿಗೆ ಬಂದಾಗ ರಾಫೆಲ್ ಇನ್ನೂ ಶಾಲೆಗೆ ಹೋಗುತ್ತಿದ್ದರು. ಹಿಂದಿನ ದಿನವಷ್ಟೇ ಅದೇ ಪೆಟ್ಟಿಗೆಯಲ್ಲಿ ಮೊಲ ಮಾಯವಾದದ್ದನ್ನು ಕಂಡು ಬೆರಗಾಗಿದ್ದರು. ಈಗ ಅದರ ಒಳಗಿನ ಮಡಚುವ ಹಲಗೆ, ಕೂದಲೆಳೆಯಷ್ಟು ಸಂದಿ, ಸದ್ದಾಗದ ಕೀಲು ಎಲ್ಲ ಬಿಚ್ಚಿಕೊಂಡು ಕಣ್ಣೆದುರು ಬಿದ್ದಿತ್ತು. ಬೇರೆಯವರಾಗಿದ್ದರೆ ಇಷ್ಟೇಯಾ ಎಂದು ನಿರಾಸೆಪಡುತ್ತಿದ್ದರೇನೋ. ಇವರಿಗೆ ಮೊಲಕ್ಕಿಂತ ಆ ಕೀಲು ದೊಡ್ಡ ಅದ್ಭುತವಾಗಿ ಕಂಡಿತು. ಮುಂದೆ ಬಡಗಿಯೂ ಆಗಿ, ಸ್ವಲ್ಪ ಜಾದೂಗಾರನೂ ಆಗಿ, ಕೊನೆಗೆ ಜಾದೂಗಾರರಿಗೆ ಜಾದೂ ಮಾರುವವರಾದರು.

ಈ ವ್ಯಾಪಾರಕ್ಕೆ ಅದರದ್ದೇ ಒಂದು ಕಷ್ಟವಿದೆ. ಕೊಳ್ಳುವವನಿಗೆ ಗುಟ್ಟು ಮೊದಲೇ ಹೇಳುವ ಹಾಗಿಲ್ಲ, ಹೇಳಿದರೆ ಕೊಳ್ಳಲು ಏನೂ ಉಳಿಯುವುದಿಲ್ಲ. ಕೊಂಡು ಬಿಚ್ಚಿದ ಮೇಲೆ ಇಷ್ಟವಾಗಲಿಲ್ಲವೆಂದರೂ ಹಿಂದೆ ಪಡೆಯುವಂತಿಲ್ಲ, ಗುಟ್ಟು ಅವನ ತಲೆಗೆ ಹೋಗಿಯಾಗಿರುತ್ತದೆ. ಹಾಗಾಗಿ ಎಲ್ಲ ಭಾರವೂ ಜಾಹೀರಾತಿನ ಮೇಲೆ. ಮಾಸ್ಟರರು ವರ್ಷಕ್ಕೊಮ್ಮೆ ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದ ಕ್ಯಾಟಲಾಗನ್ನು ಓದಬೇಕಿತ್ತು. ‘ಅಭ್ಯಾಸ ಬೇಡ! ಕೈಚಳಕ ಬೇಡ! ಡಬ್ಬ ಬಿಚ್ಚಿದ ದಿನವೇ ರಂಗವೇರಿ!’ ‘ಸಭಿಕರು ಕುರ್ಚಿ ಬಿಟ್ಟು ಏಳುವರು, ಕೆಲವರು ಮೂರ್ಛೆ ಹೋಗುವರು!’ ಕರವಸ್ತ್ರದ ಬಣ್ಣ ಬದಲಾಗುವ ಸಾಮಾನ್ಯ ಕೊಳವೆಗೆ ಅವರು ‘ಕಾಶ್ಮೀರದ ರಾಜಕುಮಾರಿಯ ಕೊನೆಯ ರಹಸ್ಯ’ ಎಂದು ಹೆಸರಿಟ್ಟಿದ್ದರು.

ಜಾದೂಗಾರರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಜಾಹೀರಾತಿನಲ್ಲಿ ತೆಂಗಿನಕಾಯಿ ಕಂಡರೆ ಡಬ್ಬದಲ್ಲಿ ಕರಟ ಇರುತ್ತದೆ ಎಂದು ಅವರೇ ನಗುತ್ತಿದ್ದರು. ನಗುತ್ತಲೇ ಕೊಳ್ಳುತ್ತಿದ್ದರು. ಜನರನ್ನು ಮರುಳು ಮಾಡಿ ಬದುಕುವವರಿಗೆ ತಾವೂ ಒಮ್ಮೆ ಮರುಳಾಗುವ ಆಸೆ ಇರುತ್ತದೆಯೋ ಏನೋ.

ಯಾರಾದರೂ ಕೆಣಕಿದರೆ ಮಾಸ್ಟರರು ಹೇಳುತ್ತಿದ್ದದ್ದು ಇಷ್ಟು: “ನಾನು ಬರೆಯುವುದು ಹಸಿವಾಗ್ಲಿಕ್ಕೆ ಮಾರಾಯ. ಊಟ ಈ ಮೇಜಿನ ಮೇಲೆ ಉಂಟು, ನೋಡಿ ತೆಗೊಂಡು ಹೋಗು.”

ಅದು ನಿಜವಾಗಿತ್ತು. ಅಂಗಡಿಗೆ ಬಂದವರೆದುರು ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ತಾವೇ ಮಾಡಿ ತೋರಿಸದೆ ಒಂದು ಸಾಮಾನನ್ನೂ ಅವರು ಕೊಟ್ಟವರಲ್ಲ. ಕಂಡದ್ದು ಇಷ್ಟವಾದರೆ ಕೊಳ್ಳಿ, ಇಲ್ಲದಿದ್ದರೆ ಒಂದು ಚಾ ಕುಡಿದು ಹೋಗಿ. ಕಾಗದದ ಮೇಲೆ ಮಾತು ಎಷ್ಟು ಉಬ್ಬಿದರೂ ಮೇಜಿನ ಮೇಲೆ ಕೈ ಸುಳ್ಳು ಹೇಳಬಾರದೆಂಬುದು ಅವರು ಬದುಕಿಡೀ ಕಾದುಕೊಂಡು ಬಂದ ಒಂದೇ ನೇಮ. ಆ ಕೈಗಳೂ ಹಾಗೆಯೇ ಇದ್ದವು. ಬಡಗಿಯ ದಪ್ಪ ಬೆರಳುಗಳು, ಎಡ ಹೆಬ್ಬೆರಳಿನಲ್ಲಿ ಉಳಿ ತಾಗಿದ ಗುರುತು. ಆದರೆ ನಾಣ್ಯ ಹಿಡಿದರೆ ನೀರಿನ ಹಾಗೆ ಹರಿಯುತ್ತಿದ್ದವು.

ಆ ಕೈ ನಡುಗುವುದನ್ನು ಮೊದಲು ಕಂಡವರು ಹೆಂಡತಿ ಲೂರ್ಡ್ಸ್. ಅವರು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮಣ್ಣಗುಡ್ಡದ ಮನೆಯಲ್ಲಿ ಒಂದು ಮಧ್ಯಾಹ್ನ ಗಂಜಿ ಉಣ್ಣುವಾಗ ಗಂಡನ ಚಮಚ ಬಟ್ಟಲಿನ ಅಂಚಿಗೆ ತಾಗಿ ಕಿಣಿಕಿಣಿ ಎನ್ನತೊಡಗಿತು.

“ಚಳಿಯಾ ನಿಮ್ಗೆ?” ಎಂದು ಕೇಳಿದರು. ಕೇಳುವಾಗಲೇ ಅವರಿಗೆ ಉತ್ತರ ಗೊತ್ತಿತ್ತು.

“ಈ ಸೆಖೆಯಲ್ಲಿ ಎಂತ ಚಳಿ?” ಎಂದು ಮಾಸ್ಟರರು ಚಮಚ ಕೆಳಗಿಟ್ಟು ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

ಅಂಗಡಿಯಲ್ಲಿ ಇಸ್ಪೀಟು ಎಲೆ ಕೈಯಿಂದ ಜಾರಿದಾಗಲೂ ಅವರು ಏನೋ ಒಂದು ಹೇಳಿ ನಗಿಸಿಬಿಡುತ್ತಿದ್ದರು. “ಅದು ಬೇಕಂತಲೇ ಬೀಳಿಸಿದ್ದು. ನಿಮ್ಮ ಕಣ್ಣು ಕೆಳಗೆ ಹೋಯ್ತಲ್ಲ, ಅಷ್ಟರಲ್ಲಿ ನನ್ನ ಕೆಲಸ ಆಯ್ತು.” ಎದುರಿಗಿದ್ದವರು ನಂಬಿ ತಲೆದೂಗುತ್ತಿದ್ದರು. ಕೊನೆಗೊಮ್ಮೆ ಲೂರ್ಡ್ಸ್ ಹಟ ಹಿಡಿದು ನರರೋಗದ ಡಾಕ್ಟರರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಇವರನ್ನು ನಡೆಸಿದರು, ಬೆರಳು ಮಡಚಿಸಿದರು, ಒಂದು ಸಾಲು ಬರೆಸಿದರು. ಪಾರ್ಕಿನ್ಸನ್ ಎಂದರು. “ಗುಣ ಆಗುವುದು ಅಂತ ಇಲ್ಲ. ನಿಧಾನ ಮಾಡಬಹುದು, ಅಷ್ಟೇ.”

ಹೊರಗೆ ಬಂದು ಆಟೋಕ್ಕೆ ಕಾಯುತ್ತಾ ನಿಂತಾಗ ಮಾಸ್ಟರರು ಹೆಂಡತಿಯ ಮುಖ ನೋಡಲಿಲ್ಲ. “ಬೇರೆ ಎಂತದ್ದಾದ್ರೂ ಕೊಡಬಹುದಿತ್ತು ದೇವರಿಗೆ. ಕಾಲು ತೆಗೊಂಡಿದ್ರೂ ಆಗ್ತಿತ್ತು,” ಎಂದರು. ಸಾವಿರ ರೋಗಿಗಳಿಗೆ ಸಮಾಧಾನ ಹೇಳಿದ್ದ ಲೂರ್ಡ್ಸ್ ಆವತ್ತು ಬರುತ್ತಿದ್ದ ಆಟೋಕ್ಕೆ ಕೈ ತೋರಿಸಿದರು.

ಮೇಜಿನ ಮೇಲೆ ಮಾಡಿ ತೋರಿಸುವುದು ನಿಂತಿತು. ತೋರಿಸದೆ ಮಾರುವ ಮನಸ್ಸು ಮಾಸ್ಟರರಿಗಿರಲಿಲ್ಲ. ಬಂದವರಿಗೆ ಚಾ ಕೊಟ್ಟು ಕಳುಹಿಸುವುದೇ ಹೆಚ್ಚಾಯಿತು. ಆ ಹೊತ್ತಿಗೆ ಜಾದೂಗಾರರೂ ಮೊದಲಿನಂತೆ ಮೆಟ್ಟಿಲು ಹತ್ತುತ್ತಿರಲಿಲ್ಲ. ಎಲ್ಲ ಫೋನಿನಲ್ಲೇ ಸಿಗುತ್ತಿತ್ತು.

ಮಗಳು ಫಿಯೋನಾಳ ಗಂಡ ಡೆರಿಲ್ ದುಬೈಯಲ್ಲಿ ಒಂದು ಜಾಹೀರಾತು ಕಂಪನಿಯಲ್ಲಿದ್ದ. ಕಂಪನಿ ಮುಚ್ಚಿ ಊರಿಗೆ ಬಂದವನು ಬೇರೆ ಕೆಲಸ ಸಿಗುವವರೆಗೆಂದು ಮಾವನ ಮನೆಯಲ್ಲಿ ಉಳಿದ. ಫಿಯೋನಾ ಶಾಲೆಗೆ ಪಾಠ ಮಾಡಲು ಹೋದರೆ ಮನೆಯ ಅರ್ಧ ಕೆಲಸ ಇವನದೇ. ಕೆಟ್ಟ ಮನುಷ್ಯನೆಂದು ಅವನನ್ನು ಯಾರೂ ಹೇಳುವಂತಿಲ್ಲ. ಬೆಳಿಗ್ಗೆ ಮಾವನ ಅಂಗಿಯ ಗುಂಡಿ ಹಾಕುತ್ತಿದ್ದವನು ಅವನು. ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಬದಿಗಿಡುತ್ತಿದ್ದವನೂ ಅವನೇ. ಖಾಲಿ ಅಂಗಡಿಯಲ್ಲಿ ಮಾವ ಸುಮ್ಮನೆ ಕೂತಿರುವುದನ್ನು ನೋಡಲಾಗದೆ, “ಡ್ಯಾಡಿ, ನಾನೊಂದು ಪೇಜ್ ಮಾಡ್ತೇನೆ. ನಿಮ್ಮ ಹೆಸರಿನಲ್ಲೇ. ನೀವು ಕೂತು ನೋಡಿ,” ಎಂದ.

ಮೊದಮೊದಲು ಅವನು ತಾನೇ ಕಲಿತು, ತನ್ನ ಕೈಯಿಂದಲೇ ಮಾಡಿ ವಿಡಿಯೋ ಹಾಕಿದ. ಮೇಲೆ ಹಳೆಯ ಕ್ಯಾಟಲಾಗಿನ ಸಾಲುಗಳು ಓಡುತ್ತಿದ್ದವು. ಕಾಶ್ಮೀರದ ರಾಜಕುಮಾರಿ ಮತ್ತೆ ಮಾರಾಟವಾಗತೊಡಗಿದಾಗ ಮಾಸ್ಟರರು ಖುಷಿಯಾದರು. ಪಾರ್ಸೆಲಿನ ಡಬ್ಬಗಳು ಕಪಾಟಿನ ಎತ್ತರಕ್ಕೆ ಬೆಳೆದವು. ಆದರೆ ಫೋನಿನ ಹಸಿವು ಕ್ಯಾಟಲಾಗಿನ ಹಸಿವಿನಂತಲ್ಲ. ಇವತ್ತು ನೋಡಿದ್ದನ್ನು ಅದು ನಾಳೆ ಕೇಳುವುದಿಲ್ಲ. ಡೆರಿಲ್‌ಗೆ ದೊಡ್ಡದೊಂದು ಬೇಕಾಯಿತು. ಅವನ ಕಣ್ಣು ಗುಲಾಬಿಯ ಮೇಲೆ ಬಿತ್ತು.

ತೇಲುವ ಗುಲಾಬಿ ಮಾಸ್ಟರರು ತಾವೇ ಕಂಡುಹಿಡಿದ ಆಟ. ತೆಳು ಕಾಗದವನ್ನು ಹಿಂಡಿ, ಹೊಸೆದು ಗುಲಾಬಿ ಮಾಡುವುದು. ಅದು ಅಂಗೈಯಿಂದ ಮೆಲ್ಲಗೆ ಮೇಲೇಳುವುದು. ಎದೆಯ ಮಟ್ಟದಲ್ಲಿ ಒಂದು ಗಳಿಗೆ ನಿಂತು ಮರಳಿ ಅಂಗೈಗೆ ಇಳಿಯುವುದು. ಕಣ್ಣಿಗೆ ಕಾಣದಷ್ಟು ಸಪುರ ನೂಲೊಂದೇ ಅದರ ಗುಟ್ಟು. ಹಿಂದೆ ಕಪ್ಪು ಪರದೆ ಬೇಕು, ದೀಪ ಮಂದವಾಗಿರಬೇಕು, ಫ್ಯಾನು ತಿರುಗಬಾರದು. ಎಲ್ಲಕ್ಕಿಂತ ಮೇಲೆ, ತಿಂಗಳುಗಟ್ಟಲೆ ಅಭ್ಯಾಸ ಬೇಕು. ಎದುರಿಗೆ ಕೂರಿಸಿ ಕಲಿಸದೆ ಅದನ್ನು ಅವರು ಯಾರಿಗೂ ಕೊಟ್ಟಿರಲಿಲ್ಲ.

“ಗುಲಾಬಿಯ ಬಗ್ಗೆ ನಾಲ್ಕು ಮಾತು ಹೇಳಿ ಡ್ಯಾಡಿ,” ಎಂದು ಡೆರಿಲ್ ಒಂದು ದಿನ ಫೋನು ಹಿಡಿದು ಕೂತ. “ಮುಖ ಮಾತ್ರ ತೆಗೀತೇನೆ. ಕೈ ಬೇಡ.”

ಮಾಸ್ಟರರು ಬಿಳಿ ಅಂಗಿ ಹಾಕಿ, ತಲೆ ಬಾಚಿಸಿಕೊಂಡು ಸಂತೋಷದಿಂದ ಮಾತಾಡಿದರು. ಅಳಿಯ ಹಳೆಯ ಫೋಟೋ ಕೇಳಿದಾಗ ಕೊಟ್ಟರು. ಯಾವುದೋ ಇಗರ್ಜಿಯ ಸಭಾಂಗಣದಲ್ಲಿ ಅವರು ಪ್ರದರ್ಶನ ಕೊಟ್ಟಾಗ ತೆಗೆದ ಮಸುಕು ವಿಡಿಯೋವನ್ನೂ ಹುಡುಕಿ ಕೊಟ್ಟರು.

ಒಂದು ಭಾನುವಾರ ಊಟವಾದ ಮೇಲೆ ಡೆರಿಲ್ ಟಿವಿಗೆ ಫೋನು ಜೋಡಿಸಿದ. ಪರದೆಯ ಮೇಲೆ ಸಮುದ್ರದ ದಂಡೆ, ಸುಡುಬಿಸಿಲು, ಸುತ್ತ ಜನ. ನಡುವೆ ಬಿಳಿ ಅಂಗಿಯ ರಾಫೆಲ್ ಮಾಸ್ಟರ್. ಅವರ ಅಂಗೈಯಿಂದ ಕಾಗದದ ಗುಲಾಬಿ ಎದ್ದಿತು. ತಲೆಗಿಂತ ಮೇಲೆ ಹೋಯಿತು, ತಲೆಯ ಸುತ್ತ ತಿರುಗಿತು, ತಿರುಗುತ್ತ ತಿರುಗುತ್ತ ನಿಜವಾದ ಕೆಂಪು ಗುಲಾಬಿಯಾಗಿ ಇನ್ನೊಂದು ಅಂಗೈಗೆ ಬಂದು ಕೂತಿತು. “ನೂಲಿಲ್ಲ! ಕತ್ತಲೆ ಬೇಡ! ಅಭ್ಯಾಸ ಬೇಡ!” ಎಂದಿತು ಅವರದೇ ಧ್ವನಿ. ಆ ಮಾತನ್ನು ಅವರು ಆಡಿರಲಿಲ್ಲ. ಆ ದಂಡೆಯಲ್ಲಿ ಅವರು ನಿಂತಿರಲಿಲ್ಲ. ಎಲ್ಲ ಎಐ ಮಾಡಿದ್ದು ಎಂದು ಡೆರಿಲ್ ಹುಮ್ಮಸ್ಸಿನಿಂದ ವಿವರಿಸಿದ.

ಮಾಸ್ಟರರು ಬೈಯುತ್ತಾರೆಂದು ಲೂರ್ಡ್ಸ್ ಕಾದರು. ಅವರು ಬೈಯಲಿಲ್ಲ. ಟಿವಿಯಲ್ಲಿದ್ದ ಕೈಗಳನ್ನು ನೋಡುತ್ತಿದ್ದರು. ಅವೇ ದಪ್ಪ ಬೆರಳುಗಳು, ಅದೇ ಮದುವೆಯ ಉಂಗುರ. ಉಳಿ ತಾಗಿದ ಗುರುತು ಮಾತ್ರ ಇರಲಿಲ್ಲ. ಗುಲಾಬಿ ಬಂದು ಕೂತಾಗ ಆ ಅಂಗೈ ಕಲ್ಲಿನ ಹಾಗೆ ಸ್ಥಿರವಾಗಿತ್ತು.

“ಇನ್ನೊಮ್ಮೆ ಹಾಕು,” ಎಂದರು.

ಡೆರಿಲ್ ಹಾಕಿದ. ಮುಗಿದ ಕೂಡಲೇ, “ಇನ್ನೊಮ್ಮೆ,” ಎಂದರು. ಲೂರ್ಡ್ಸ್ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು.

ಮರುದಿನ ಬೆಳಿಗ್ಗೆ ಅಳಿಯ ಗುಂಡಿ ಹಾಕಲು ಬಂದಾಗ ಮಾಸ್ಟರರು ಅವನ ಕೈ ಹಿಡಿದು ನಿಲ್ಲಿಸಿದರು. ಮನೆಯೊಳಗಿನ ಮಾತು ಕೊಂಕಣಿಯಲ್ಲಿ. “ಡೆರಿಲ್, ಅದು ಸುಳ್ಳು.”

“ನೀವು ಕ್ಯಾಟಲಾಗಿನಲ್ಲಿ ಎಂತ ಬರೀತಿದ್ರಿ ಡ್ಯಾಡಿ? ಜನ ಮೂರ್ಛೆ ಹೋಗ್ತಾರೆ ಅಂತ. ಒಬ್ಬನಾದ್ರೂ ಹೋಗಿದ್ದಾನಾ?”

“ಅದು ಮಾತು. ಇದು ಕೈ.”

“ಎರಡೂ ಜಾಹೀರಾತೇ ಅಲ್ವಾ? ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ. ಕೊಳ್ಳುವವರು ಎಂತ ಮಕ್ಕಳಾ? ಜಾದೂಗಾರರು. ಅವರಿಗೆ ಗೊತ್ತುಂಟು.”

ಮಾಸ್ಟರರಿಗೆ ಹೇಳಬೇಕಾದದ್ದು ಇತ್ತು. ಆದರೆ ಈಚೆಗೆ ಮಾತೂ ಕೈಯಂತೆಯೇ ಆಗಿತ್ತು. ಹೊರಡಬೇಕೆಂದಾಗ ಹೊರಡುತ್ತಿರಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಡೆರಿಲ್ ಕೊನೆಯ ಗುಂಡಿ ಹಾಕಿ, ಕಾಲರು ಸರಿಮಾಡಿ, ಪಾರ್ಸೆಲ್ ಕೊಡಲು ಹೊರಟಿದ್ದ. ಅವರೊಳಗೆ ಇನ್ನೊಂದು ಸಂಗತಿಯೂ ಇತ್ತು, ಅದನ್ನು ಆಮೇಲೆ ಲೂರ್ಡ್ಸ್ ಹತ್ತಿರ ಮಾತ್ರ ಹೇಳಿದರು. “ತೆಗಿ ಅಂತ ಜೋರು ಮಾಡಬಹುದಿತ್ತು ನಾನು. ತೆಗೆದ್ರೆ ಮತ್ತೆ ನೋಡ್ಲಿಕ್ಕೆ ಸಿಗುವುದಿಲ್ಲ ಅಂತ ಅನಿಸ್ತು.”

ಗುಲಾಬಿ ಹಿಂದೆಂದೂ ಇಲ್ಲದಷ್ಟು ಮಾರಾಟವಾಯಿತು. ಡಬ್ಬದಲ್ಲಿ ಒಂದು ಸುರುಳಿ ನೂಲು, ಕೆಲವು ಕಾಗದ, ಹೇಗೆ ಮಾಡಬೇಕೆಂದು ತಿಳಿಸುವ ಒಂದು ಚೀಟಿ, ಅಷ್ಟೇ.

ಹೊಳೆಯಾಚೆಯ ಬೆಂಗ್ರೆಯ ಜಯ ಕೂಡ ಅದನ್ನು ತರಿಸಿಕೊಂಡ. ಹಗಲು ಬೋಟುಗಳ ಬಲೆ ಹೆಣೆಯುವ, ರಿಪೇರಿ ಮಾಡುವ ಕೆಲಸ ಅವನದು. ರಜೆಯ ದಿನ ಕೋಟು ತೊಟ್ಟು ‘ಮ್ಯಾಜಿಕ್ ಜಯ’ನಾಗಿ ಹುಟ್ಟುಹಬ್ಬಗಳಿಗೆ, ಮದುವೆಯ ಮುನ್ನಾದಿನದ ಮೆಹಂದಿಗಳಿಗೆ ಹೋಗುತ್ತಿದ್ದ. ನಾಣ್ಯದ ಕೆಲಸವನ್ನೆಲ್ಲ ಅವನಿಗೆ ಮೇಜಿನ ಆಚೆ ಕೂರಿಸಿ ಕಲಿಸಿದವರು ಮಾಸ್ಟರರೇ. ಅವನ ಹೆಂಡತಿ ನಳಿನಾಕ್ಷಿ ಮದುವೆಯಾದ ಹೊಸತರಲ್ಲಿ, ನಿಮ್ಮ ಮಾಸ್ಟರರ ಹತ್ತಿರ ಹೋಗುವಷ್ಟು ನನ್ನ ತಾಯಿಮನೆಗೆ ಬರುವುದಿಲ್ಲ ಎಂದು ಜಗಳ ತೆಗೆದಿದ್ದಳಂತೆ.

ಎರಡು ಮೂರು ವರ್ಷದಿಂದ ಈ ಕಡೆ ಬಾರದಿದ್ದ ಜಯ ಒಂದು ಸಂಜೆ ಫೆರಿಯಲ್ಲಿ ದಾಟಿ, ಬಸ್ಸು ಹಿಡಿದು ಅಂಗಡಿಗೆ ಬಂದ. ಕೈಯಲ್ಲಿ ಗುಲಾಬಿಯ ಡಬ್ಬವಿತ್ತು. ಮಾಸ್ಟರರು ಒಬ್ಬರೇ ಇದ್ದರು. ಎರಡೂ ಕೈ ಮೇಜಿನ ಕೆಳಗೆ.

“ಮಾಸ್ಟರ್, ನನ್ನಿಂದ ನಿಮ್ಮ ಗುಲಾಬಿಯ ಮರ್ಯಾದೆ ಹೋಯ್ತು,” ಎಂದ ಜಯ. ಕೂತುಕೊಳ್ಳಲಿಲ್ಲ. ಕೂಳೂರಿನ ಕಡೆ ಒಂದು ಮೆಹಂದಿಯಲ್ಲಿ ಅವನು ಗುಲಾಬಿ ಮಾಡಿದ್ದ. ಕತ್ತಲೆ ಬೇಡವೆಂದು ವಿಡಿಯೋದಲ್ಲಿ ಹೇಳಿತ್ತಲ್ಲ, ಎಲ್ಲ ಟ್ಯೂಬ್‌ಲೈಟು ಉರಿಯುತ್ತಿತ್ತು. ಮೇಲೆ ಫ್ಯಾನು. ಗುಲಾಬಿ ಎದ್ದದ್ದೇ ಗಾಳಿಗೆ ಸಿಕ್ಕಿ ಮದುಮಗಳ ಚಿಕ್ಕಮ್ಮನ ಜಡೆಗೆ ಹೋಗಿ ಅಂಟಿತು. ಬಿಡಿಸಲು ಹೋದರೆ ನೂಲು ಬಂತು, ಜಯನ ಅಂಗಿಯ ಗುಂಡಿಯವರೆಗೂ ಉದ್ದಕ್ಕೆ ಬಂತು. ಒಬ್ಬರು ಅದನ್ನು ಎಳೆದರು, ಇನ್ನೊಬ್ಬರು ಹಾಡು ಹಾಕಿ ಫೋನಿನಲ್ಲಿ ತೆಗೆದರು. ಮರುದಿನ ಬೋಟಿನವರೆಲ್ಲ ಅದನ್ನು ಸ್ಟೇಟಸ್ ಹಾಕಿಕೊಂಡಿದ್ದರು. ಬಲೆ ಹೆಣೆಯುವವನಿಗೆ ನೂಲು ಸಿಕ್ಕಿಹಾಕಿಕೊಂಡದ್ದು ನೋಡಿ ಎಂದು ಬರೆದಿದ್ದರು.

ಮಾಸ್ಟರರು ಬಾಯಿ ತೆರೆದರು. ಜಯ ಅವರನ್ನು ತಡೆದ.

“ನಿಮ್ಮ ತಪ್ಪು ಅಂತ ಹೇಳ್ಲಿಕ್ಕೆ ಬಂದದ್ದಲ್ಲ ಮಾಸ್ಟರ್. ಬೇರೆ ಯಾರ ಜಾಹೀರಾತಾದ್ರೂ ನಾನು ಅರ್ಧ ಕಳೆದು ನೋಡ್ತೇನೆ. ಇದು ನಿಮ್ಮ ಕೈ. ನಿಮ್ಮ ಕೈ ಮಾಡಿದ ಮೇಲೆ ಅದು ಆಗ್ತದೆ. ನನ್ನದೇ ಎಂತದೋ ತಪ್ಪು ಉಂಟು.” ಅವನು ಡಬ್ಬವನ್ನು ಮೇಜಿನ ಮೇಲಿಟ್ಟು ಕಪ್ಪು ಬಟ್ಟೆ ಬಿಡಿಸಿದ. “ಒಮ್ಮೆ ತೋರಿಸಿ. ವಿಡಿಯೋದಲ್ಲಿ ಮಾಡಿದ ಹಾಗೆ. ಒಂದೇ ಸಲ ಸಾಕು, ನಾನು ನೋಡಿ ಕಲೀತೇನೆ.”

ಕೆಳಗೆ ಆಂಬುಲೆನ್ಸ್ ಒಂದು ಕೂಗುತ್ತ ಹೋಯಿತು. ಮಾಸ್ಟರರು ಎರಡೂ ಕೈಗಳನ್ನು ಎತ್ತಿ ಕಪ್ಪು ಬಟ್ಟೆಯ ಮೇಲಿಟ್ಟರು.

ಕೈಗಳು ನಡುಗಿದವು. ಬಲಗೈಯ ಹೆಬ್ಬೆರಳು ತೋರುಬೆರಳಿಗೆ ಒಂದೇ ಸಮನೆ ಉಜ್ಜುತ್ತಿತ್ತು. ಮೇಜಿನ ಮೇಲಿದ್ದ ಖಾಲಿ ಗ್ಲಾಸು ಆ ನಡುಕಕ್ಕೆ ಸದ್ದು ಮಾಡತೊಡಗಿತು. ಜಯ ಮೊದಲು ಅದನ್ನು ಆಟದ ಭಾಗವೆಂದುಕೊಂಡು ಗಮನವಿಟ್ಟು ನೋಡಿದ. ಮತ್ತೆ ಮಾಸ್ಟರರ ಮುಖ ನೋಡಿದ. ಅಲ್ಲಿ ಏನೂ ಕಾಣಲಿಲ್ಲ, ಕಣ್ಣಿನಲ್ಲಿ ಮಾತ್ರ ನೀರಿತ್ತು.

“ಯಾವಾಗಿಂದ ಮಾಸ್ಟರ್?”

“ಎರಡು ವರ್ಷ ಆಯ್ತು.”

“ಹಾಗಾದ್ರೆ ವಿಡಿಯೋದಲ್ಲಿ?”

“ಅದು ನಾನಲ್ಲ. ಕಂಪ್ಯೂಟರು ಮಾಡಿದ್ದು.”

ಜಯ ಈಗ ಕೂತ. ಆ ಕೈಗಳನ್ನು ತನ್ನ ಎರಡು ಕೈಗಳಲ್ಲಿ ಮುಚ್ಚಿ ಹಿಡಿದುಕೊಂಡ. ಬಿಗಿಯಾಗಿ ಹಿಡಿದರೆ ನಿಲ್ಲುತ್ತದೆ ಎಂದುಕೊಂಡಿದ್ದನೇನೋ. ನಡುಕ ನಿಲ್ಲಲಿಲ್ಲ, ಅವನ ಮೊಣಕೈವರೆಗೂ ಹತ್ತಿತು.

ಆ ರಾತ್ರಿಯ ಊಟಕ್ಕೆ ಮೊದಲೇ ಮಾಸ್ಟರರು ಅಳಿಯನನ್ನು ಕರೆದು ವಿಡಿಯೋ ತೆಗೆಯಲು ಹೇಳಿದರು. ಈ ಸಲ ಜೋರು ಮಾಡಿಯೇ ಹೇಳಿದರು. ಜಯನ ಕತೆ ಕೇಳಿ ಡೆರಿಲ್‌ನ ಮುಖ ಸಣ್ಣದಾಯಿತು. ತಕರಾರಿಲ್ಲದೆ ತೆಗೆದ. ಆದರೆ ಅಷ್ಟರಲ್ಲಿ ಗುಲಾಬಿ ಅವನ ಕೈಯಲ್ಲೂ ಉಳಿದಿರಲಿಲ್ಲ. ಯಾವ ಯಾವುದೋ ಊರಿನ ಮಾರಾಟಗಾರರು ಆ ವಿಡಿಯೋವನ್ನು ಇಳಿಸಿಕೊಂಡು ತಮ್ಮ ಪೇಜಿನಲ್ಲಿ ಹಾಕಿದ್ದರು. ಒಂದರಲ್ಲಿ ಮಾಸ್ಟರರು ಹಿಂದಿ ಮಾತಾಡುತ್ತಿದ್ದರು, ಇನ್ನೊಂದರಲ್ಲಿ ತಮಿಳು. ಎರಡೂ ಭಾಷೆ ಅವರಿಗೆ ಬರುವುದಿಲ್ಲ. ಡೆರಿಲ್ ಒಂದೊಂದಕ್ಕೂ ದೂರು ಬರೆದ. ಒಂದು ಹೋದರೆ ಎರಡು ಬಂದವು.

“ನನ್ನಿಂದ ಆಗ್ತಾ ಇಲ್ಲ ಡ್ಯಾಡಿ,” ಎಂದು ಅವನು ಕೊನೆಗೆ ಫೋನು ಕೆಳಗಿಟ್ಟ. “ಹಾಕುವಾಗ ಒಂದು ಬೆರಳು ಸಾಕಿತ್ತು.”

ಮಾಸ್ಟರರಿಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಬೆಳಿಗ್ಗೆಯಾದರೆ ಗುಂಡಿ ಹಾಕಲು ಅದೇ ಬೆರಳುಗಳು ಬೇಕಿದ್ದವು.

ಆ ವರ್ಷ ಕರಾವಳಿಯ ಜಾದೂಗಾರರ ಸಮಾವೇಶ ನಗರದಲ್ಲೇ ನಡೆಯಿತು. ರಾಫೆಲ್ ಮಾಸ್ಟರರಿಗೆ ಸನ್ಮಾನವೆಂದು ಕರೆ ಬಂತು. ಲೂರ್ಡ್ಸ್ ಬೇಡವೆಂದರು. ಮಾಸ್ಟರರು ಹೋಗಲೇಬೇಕೆಂದರು. “ಒಂದೇ ಕಡೆ ಎಲ್ಲರೂ ಸಿಗ್ತಾರೆ. ಒಮ್ಮೆ ಹೇಳಿಬಿಟ್ರೆ ಮುಗೀತದೆ.”

ಸಭಾಂಗಣ ತುಂಬಿತ್ತು. ಬಾಗಿಲಲ್ಲೇ ಎಳೆಯ ಜಾದೂಗಾರರು ಮುತ್ತಿಕೊಂಡು ಸೆಲ್ಫಿ ತೆಗೆದರು. ವೇದಿಕೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಲೂರ್ಡ್ಸ್ ಹಿಡಿದುಕೊಂಡರು. ಎರಡು ಮಾತಾಡಿ ಎಂದು ಮೈಕು ತಂದಿಟ್ಟರು.

“ಆ ವಿಡಿಯೋ ಸುಳ್ಳು,” ಎಂದರು ಮಾಸ್ಟರರು. ಧ್ವನಿ ಸಣ್ಣದಾಗಿತ್ತು. “ಅದರಲ್ಲಿ ಇರುವುದು ನಾನಲ್ಲ. ಗುಲಾಬಿ ಹಗಲಿನಲ್ಲಿ ಏಳುವುದಿಲ್ಲ. ತಲೆ ಸುತ್ತ ತಿರುಗುವುದಿಲ್ಲ. ಅದಕ್ಕೆ ನೂಲು ಬೇಕು, ಕತ್ತಲೆ ಬೇಕು. ದಯವಿಟ್ಟು ಯಾರೂ ತೆಗೊಳ್ಬೇಡಿ.”

ಒಂದು ಮೂಲೆಯಿಂದ ನಗು ಹುಟ್ಟಿತು. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಕೆಟ್ಟ ನಗುವಲ್ಲ, ಮೆಚ್ಚುಗೆಯದೇ ನಗು. ಗುಟ್ಟು ಬಿಟ್ಟುಕೊಡದ ಹಳೆಯ ಹುಲಿ ಹೇಗೆ ಮಾತು ತಿರುಗಿಸುತ್ತದೆ ನೋಡಿ ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸಿದರು.

“ನನ್ನ ಕೈ ನೋಡಿ,” ಎಂದು ಮಾಸ್ಟರರು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದರು. ಕೈಗಳು ಮೈಕಿಗೆ ತಾಗಿ, ತಟತಟ ಸದ್ದು ಇಡೀ ಸಭಾಂಗಣದಲ್ಲಿ ಕೇಳಿತು. “ನೋಡಿ, ಇದರಿಂದ ಒಂದು ನಾಣ್ಯ ಹಿಡೀಲಿಕ್ಕೆ ಆಗುವುದಿಲ್ಲ.”

“ಮಾಸ್ಟರ್, ಸೂಪರ್!” ಎಂದು ಯಾರೋ ಕೂಗಿದರು. ಎಲ್ಲರೂ ಆ ಕೈಗಳನ್ನು ನೋಡುವುದನ್ನು ಬಿಟ್ಟು ಬೇರೆಲ್ಲ ಕಡೆ ನೋಡತೊಡಗಿದರು. ಕೈ ನಡುಗಿಸಿ ನಮ್ಮ ಗಮನ ಇಲ್ಲಿ ಹಿಡಿದಿದ್ದಾರೆ, ಗುಲಾಬಿ ಬೇರೆ ಎಲ್ಲಿಂದಲೋ ಏಳಲಿದೆ ಎಂದು ಛಾವಣಿ ನೋಡಿದರು, ಪರದೆ ನೋಡಿದರು, ಲೂರ್ಡ್ಸ್ ಕೈಯಲ್ಲಿದ್ದ ಬುಟ್ಟಿ ನೋಡಿದರು.

ಹಿಂದಿನ ಸಾಲಿನಲ್ಲಿದ್ದ ಜಯನಿಗೆ ಕೂತಿರಲಾಗಲಿಲ್ಲ. ಎದ್ದು ನಿಂತು, “ಅವರು ಹೇಳುವುದು ಸತ್ಯ ಮಾರಾಯ್ರೆ! ನಗಬೇಡಿ! ಅವರಿಗೆ ಸೌಖ್ಯ ಇಲ್ಲ!” ಎಂದು ಗಂಟಲು ಹರಿಯುವಂತೆ ಕೂಗಿದ.

ಆಗ ನಗುವಿನ ಜೊತೆ ಚಪ್ಪಾಳೆಯೂ ಬಿತ್ತು. ಸಭೆಯ ನಡುವೆ ತನ್ನ ಕಡೆಯ ಒಬ್ಬನನ್ನು ಕೂರಿಸಿ ಎಬ್ಬಿಸುವುದು ಜಾದೂಗಾರರಿಗೆ ಗೊತ್ತಿಲ್ಲದ ಉಪಾಯವೇ? ಜಯನ ಬೆನ್ನು ತಟ್ಟಿ, ಒಳ್ಳೆ ಆ್ಯಕ್ಟಿಂಗ್ ಎಂದರು ಪಕ್ಕದವರು.

ಲೂರ್ಡ್ಸ್ ಗಂಡನ ಭುಜ ಹಿಡಿದು ವೇದಿಕೆಯಿಂದ ಇಳಿಸಿದರು. “ಸಾಯ್ಬಾ, ಎಂತ ಜನ ಇವರು,” ಎಂದು ದೇವರನ್ನು ಕರೆದು ತಮ್ಮಷ್ಟಕ್ಕೆ ಹೇಳಿಕೊಂಡರು. ಹೊರಗಿನ ಸಾಲು ಮಳಿಗೆಗಳಲ್ಲಿ ಯಾರೋ ಪರವೂರಿನವರು ಮಾಸ್ಟರರ ದೊಡ್ಡ ಚಿತ್ರ ತೂಗುಹಾಕಿ ಗುಲಾಬಿ ಮಾರುತ್ತಿದ್ದರು. ಮಾಸ್ಟರರು ಆಟೋ ಹತ್ತುವ ಹೊತ್ತಿಗೆ ಅಲ್ಲಿ ನೂಕುನುಗ್ಗಲಾಗಿತ್ತು.

ಅಂಗಡಿಗೆ ಬೀಗ ಬಿತ್ತು. ಪಾರ್ಸೆಲಿನ ಕೆಲಸವನ್ನು ಡೆರಿಲ್ ಮನೆಯ ಹಿಂದಿನ ಕೋಣೆಗೆ ತಂದುಕೊಂಡ. ಕರವಸ್ತ್ರ, ಹಗ್ಗ, ಪೆಟ್ಟಿಗೆ ಮಾತ್ರ, ಗುಲಾಬಿ ಇಲ್ಲ. ಮಾಸ್ಟರರ ನಡಿಗೆ ಕುಗ್ಗಿತು, ಬೆನ್ನು ಬಾಗಿತು. ಆ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುತ್ತವೆ. ನಗು ಬಂದರೂ ಅಳು ಬಂದರೂ ಮುಖ ಒಂದೇ ಥರ. ಜಯ ಮಾತ್ರ ಭಾನುವಾರಗಳಲ್ಲಿ ಬರುತ್ತಿದ್ದ. ವರಾಂಡದಲ್ಲಿ ಎದುರು ಕೂತು, ಅವರ ಬಾಯಿಯ ಹತ್ತಿರ ಕಿವಿ ಹಿಡಿದು, ಗುಲಾಬಿಯನ್ನು ಮೊದಲಿನಿಂದ ಕಲಿತ. “ಎಳೆಯಬೇಡ. ಅದು ತಾನಾಗಿ ಏಳ್ತದೆ ಅಂತ ನೀನು ನಂಬಬೇಕು. ಕೈ ಆಮೇಲೆ,” ಎಂದು ಮಾಸ್ಟರರು ಪಿಸುಗುಡುತ್ತಿದ್ದರು. ಕಲಿಯಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು.

ಚಳಿಗಾಲದಲ್ಲಿ ಜಯನ ಅಕ್ಕನ ಮಗಳು ಮೋಕ್ಷಾಳ ಮೆಹಂದಿ ಬೆಂಗ್ರೆಯಲ್ಲಿ ನಡೆಯಿತು. ಜಯ ತಾನೇ ಬಂದು ಮಾಸ್ಟರರನ್ನೂ ಲೂರ್ಡ್ಸ್‌ರನ್ನೂ ಫೆರಿಯಲ್ಲಿ ದಾಟಿಸಿ ಕರೆದುಕೊಂಡು ಹೋದ. ಅಂಗಳದ ಚಪ್ಪರದಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ. ಸೂರ್ಯ ಮುಳುಗಿ ಬೆಳಕು ಮಾಸಿದಾಗ ಕೋಟು ತೊಟ್ಟು ಎದುರು ಬಂದು ನಿಂತ.

“ಫ್ಯಾನ್ ಆಫ್ ಮಾಡಿ. ಆ ಎರಡು ಲೈಟು ಕೂಡ,” ಎಂದ. ಜನ ಗೊಣಗಿದರು. ಯಾರೋ ಹೋಗಿ ಆಫ್ ಮಾಡಿದರು.

ಕಪ್ಪು ಪರದೆಯ ಎದುರು ಜಯ ಬಿಳಿ ಕಾಗದವನ್ನು ಹೊಸೆದು ಗುಲಾಬಿ ಮಾಡಿ ಅಂಗೈಯಲ್ಲಿಟ್ಟುಕೊಂಡ. ಅದು ಉಸಿರಾಡಿದಂತೆ ಒಮ್ಮೆ ಅಲುಗಿತು. ಮೆಲ್ಲಗೆ ಎದ್ದಿತು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಎಲ್ಲೂ ತೊನೆಯಲಿಲ್ಲ, ಎಲ್ಲೂ ತಡವರಿಸಲಿಲ್ಲ. ಮಾಸ್ಟರರು ಯೌವನದಲ್ಲಿ ಮಾಡುತ್ತಿದ್ದದ್ದಕ್ಕಿಂತಲೂ ಅದು ಚೆನ್ನಾಗಿತ್ತು. ಲೂರ್ಡ್ಸ್‌ಗೆ ಕೂಡ ಅದು ತಿಳಿಯಿತು.

ಹಿಂದಿನ ಕುರ್ಚಿಯಲ್ಲಿದ್ದ ಒಬ್ಬಳು ಹುಡುಗಿ ಗೆಳತಿಗೆ ಹೇಳಿದಳು: “ಇಷ್ಟೇಯಾ? ಇದು ನಾನು ವಿಡಿಯೋದಲ್ಲಿ ನೋಡಿದ್ದೇನೆ. ಅದರಲ್ಲಿ ಒಬ್ಬರು ಅಜ್ಜ ಮಾಡ್ತಾರೆ, ತಲೆಯ ಸುತ್ತ ತಿರುಗಿ ನಿಜದ ಗುಲಾಬಿ ಆಗ್ತದೆ. ಇದು ಎಂತದೂ ಇಲ್ಲ.”

ಗೆಳತಿ ಫೋನು ತೆಗೆದಳು. ಅವರಿಬ್ಬರ ಮುಖಗಳ ಮೇಲೆ ಸಮುದ್ರದ ದಂಡೆಯ ಬೆಳಕು ಬಿತ್ತು. ಮಾಸ್ಟರರು ಅವರಿಗೆ ಕೈಗೆಟಕುವಷ್ಟು ಹತ್ತಿರದಲ್ಲಿ ಕೂತಿದ್ದರು. ಒಂದೆರಡು ಕಡೆಯಿಂದ ಚಪ್ಪಾಳೆ ಕೇಳಿ ನಿಂತಿತು. ಯಾರೋ ಫ್ಯಾನು ಹಾಕಿದರು, ಲೈಟು ಹಾಕಿದರು, ಡಿಜೆಯವನು ಹಾಡು ಶುರು ಮಾಡಿದ.

ಜಯ ಗುಲಾಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮಾಸ್ಟರರ ಕಡೆ ನೋಡಿದ. ಹೇಗಾಯಿತು ಎಂದು ಅವನ ಕಣ್ಣು ಕೇಳುತ್ತಿತ್ತು. ಮಾಸ್ಟರರು ನಗಲು ನೋಡಿದರು. ಮುಖ ಕದಲಲಿಲ್ಲ. ಚಪ್ಪಾಳೆ ತಟ್ಟಲು ಕೈ ಎತ್ತಿದರು. ಒಂದು ಕೈ ಇನ್ನೊಂದನ್ನು ಮುಟ್ಟದೆ ಬದಿಗೆ ಹೋಯಿತು, ಮತ್ತೊಮ್ಮೆ ಎತ್ತಿದಾಗಲೂ ಹಾಗೆಯೇ ಹೋಯಿತು. “ಚೆಂದ ಆಯ್ತು,” ಎಂದರು. ಹಾಡಿನ ಸದ್ದಿನಲ್ಲಿ ಅದು ಪಕ್ಕದ ಕುರ್ಚಿಗೂ ಕೇಳಲಿಲ್ಲ. ಜಯ ಸ್ವಲ್ಪ ಹೊತ್ತು ಕಾದ. ಆಮೇಲೆ ತಲೆ ತಗ್ಗಿಸಿ ಪರದೆ ಬಿಚ್ಚತೊಡಗಿದ.

ಲೂರ್ಡ್ಸ್ ಎದ್ದು ನಿಂತು, ಗಂಡನ ಪಾಲಿನದ್ದನ್ನೂ ಸೇರಿಸಿದಂತೆ, ಒಬ್ಬರೇ ಜೋರಾಗಿ ಚಪ್ಪಾಳೆ ತಟ್ಟಿದರು. ಕುಣಿಯಲು ಎದ್ದಿದ್ದವರು ಅದನ್ನು ಹಾಡಿಗೆ ತಟ್ಟುವ ತಾಳವೆಂದುಕೊಂಡು ತಾವೂ ತಟ್ಟತೊಡಗಿದರು.